ಹೆಸರಿನ ಮರೆಯಲ್ಲಿದ್ದ ರೋಗ

ಒಂದು ರೋಗಕ್ಕೆ ಹೆಸರು ದೊರೆಯಿತೆಂದರೆ ಅರ್ಧ ಚಿಕಿತ್ಸೆಯಾದಂತೆಯೇ ಎಂಬ ನಂಬಿಕೆ ನಮ್ಮಲ್ಲಿ ಬಹುಮಟ್ಟಿಗೆ ಉಂಟು. ಹೆಸರಿಲ್ಲದ ಸಂಕಟಕ್ಕಿಂತ ಹೆಸರುಳ್ಳ ಸಂಕಟ ಸಹ್ಯವಾದದ್ದು. ಆದರೆ ವೈದ್ಯಶಾಸ್ತ್ರದ ಚರಿತ್ರೆಯನ್ನು ಓದುತ್ತ ಹೋದರೆ, ಹೆಸರು ದೀಪವಾಗಿರುವಂತೆಯೇ ಕೆಲವು ವೇಳೆ ತೆರೆಯೂ ಆಗಿರುವುದು ಕಾಣುತ್ತದೆ. ಮಗುವಿಗೆ ಒಂದು ಹೆಸರನ್ನು ಅಂಟಿಸಿದ ಮೇಲೆ ಆ ಮಗುವಿನಲ್ಲಿ ಕಂಡದ್ದೆಲ್ಲವನ್ನೂ ಆ ಹೆಸರಿನ ಖಾತೆಗೇ ಬರೆದುಬಿಡುವುದು ಮನುಷ್ಯಸ್ವಭಾವ. ಹಾಗೆ ಬರೆದುಬಿಟ್ಟ ಲೆಕ್ಕದಲ್ಲಿ ಗುಣವಾಗಬಹುದಾದ ರೋಗಗಳೂ ಸೇರಿಹೋದರೆ ಏನಾಗುತ್ತದೆ? ಇಂದು ನಾವು ಡೌನ್ ಸಿಂಡ್ರೋಮ್ ಎಂದು ಕರೆಯುವ ಸ್ಥಿತಿಯ ಚರಿತ್ರೆ ಈ ಪ್ರಶ್ನೆಗೆ ಒಂದು ದೀರ್ಘವಾದ ಉತ್ತರ. ನಾನು ವೈದ್ಯನಲ್ಲ, ಭಾಷೆ ಸಾಹಿತ್ಯಗಳನ್ನು ಪಾಠ ಹೇಳಿದವನು. ಪದಗಳ ಹಿಂದಿನ ಕತೆಯನ್ನು ಹುಡುಕುತ್ತ ಈ ವಿಷಯಕ್ಕೆ ಬಂದವನು. ಆದುದರಿಂದ ಹೆಸರುಗಳಿಂದಲೇ ಆರಂಭಿಸುತ್ತೇನೆ.

ಜಾನ್ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ ಹುಟ್ಟಿದ್ದು 1828ರಲ್ಲಿ, ಕಾರ್ನ್‌ವಾಲ್ ಪ್ರಾಂತದ ಟಾರ್‌ಪಾಯಿಂಟ್ ಎಂಬ ಊರಿನಲ್ಲಿ. 1858ರಲ್ಲಿ ಅವರು ಸರ್ರೆ ಪ್ರಾಂತದ ಅರ್ಲ್ಸ್‌ವುಡ್ ಆಶ್ರಮದ ಮೇಲ್ವಿಚಾರಕರಾದರು. ಬುದ್ಧಿ ಬೆಳೆಯದವರೆಂದು ಮನೆಯವರು ಬಿಟ್ಟುಹೋದ ಮಕ್ಕಳೂ ಹಿರಿಯರೂ ಅಲ್ಲಿ ನೂರಾರು ಮಂದಿ ಇದ್ದರು. ಅವರನ್ನು ಡೌನ್ ಹತ್ತಿರದಿಂದ ನೋಡಿದರು, ಚಿತ್ರ ತೆಗೆದರು, ಅಳೆದರು, ಅದಕ್ಕಿಂತ ಮುಖ್ಯವಾಗಿ ಅವರಿಗೆ ಕಲಿಸಲು ಸಾಧ್ಯವೆಂದು ನಂಬಿದರು. 1866ರಲ್ಲಿ ಅವರು ಪ್ರಕಟಿಸಿದ ಒಂದು ಪುಟ್ಟ ಲೇಖನ, ಈ ಜನರ ಪೈಕಿ ಒಂದು ಗುಂಪು ಪರಸ್ಪರ ಎಷ್ಟು ಹೋಲುತ್ತದೆಯೆಂದರೆ ಅವರನ್ನು ಒಡಹುಟ್ಟಿದವರೆಂದೇ ಭ್ರಮಿಸಬಹುದೆಂದು ತೋರಿಸಿತು. ಮುಖದ ಚಹರೆಯನ್ನು ಹಿಡಿದು ಅವರು ಈ ಗುಂಪಿಗೆ 'ಮಂಗೋಲೀಯ' ಎಂಬ ಹೆಸರಿಟ್ಟರು. ಮಾನವಕುಲವನ್ನು ಐದು ಜನಾಂಗಗಳಾಗಿ ವಿಂಗಡಿಸುವ ಪದ್ಧತಿ ಆಗ ವಿದ್ವಾಂಸರಲ್ಲಿ ರೂಢಿಯಾಗಿತ್ತು. ಡೌನ್ ಆ ಪದ್ಧತಿಯನ್ನೇ ಇಲ್ಲಿಗೆ ತಂದರು. ಹೆಸರು ತಪ್ಪಾಗಿತ್ತು, ಒಂದು ಇಡೀ ಜನತೆಗೆ ಅವಮಾನಕರವೂ ಆಗಿತ್ತು. ಆದರೂ ಅದು ಸುಮಾರು ನೂರು ವರ್ಷ ಬಾಳಿತು.

ಆ ಲೇಖನದಲ್ಲಿ ಹೆಸರಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆ ಹೋದ ಎರಡು ಮಾತುಗಳಿವೆ. ಈ ಮಕ್ಕಳ ರಕ್ತಪರಿಚಲನೆ ದುರ್ಬಲವೆಂಬುದು ಒಂದು. ಬೇಸಗೆಯಲ್ಲಿ ಅವರು ಸಾಧಿಸಿದ ಪ್ರಗತಿ ಚಳಿಗಾಲ ಬಂದಾಗ ಸ್ವಲ್ಪ ಹಿಂದೆ ಸರಿಯುತ್ತದೆ, ಅವರ ಮೈಮನಸ್ಸುಗಳ ಶಕ್ತಿ ಹವೆಯ ಬಿಸಿಯನ್ನು ಅನುಸರಿಸಿ ಏರಿಳಿಯುತ್ತದೆ ಎಂಬುದು ಇನ್ನೊಂದು. ನೂರೈವತ್ತು ವರ್ಷಗಳ ಹಿಂದಿನ ಮಕ್ಕಳಿಗೆ ಇಂದು ಕುಳಿತು ರೋಗನಿರ್ಣಯ ಮಾಡುವುದು ಸಾಧ್ಯವಿಲ್ಲ, ಉಚಿತವೂ ಅಲ್ಲ. ಆದರೆ ಇಂದಿನ ವೈದ್ಯರು ಈ ಎರಡು ಮಾತುಗಳನ್ನು ಓದಿದರೆ ಒಂದು ಕ್ಷಣ ನಿಲ್ಲುತ್ತಾರೆ. ಮೊದಲನೆಯದು ಹೃದಯದ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯದು ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಎಂಬ ಗ್ರಂಥಿಯನ್ನು ನೆನಪಿಗೆ ತರುತ್ತದೆ. ಅದು ಸೋತವರಿಗೆ ಚಳಿ ತಡೆಯುವುದಿಲ್ಲ. ಡೌನ್ ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಅದನ್ನು ಆ ಮಕ್ಕಳ ಪ್ರಕೃತಿಯೆಂದು ತಿಳಿದರೇ ಹೊರತು, ಪ್ರಕೃತಿಯ ಒಳಗೆ ಸೇರಿಕೊಂಡಿರುವ ಬೇರೆಯ ರೋಗವೆಂದು ತಿಳಿಯಲು ಆ ಕಾಲದಲ್ಲಿ ಅವರಿಗೆ ಸಾಧನವಿರಲಿಲ್ಲ.

ಥೈರಾಯ್ಡ್ ಎಂಬ ಹೆಸರು ಗುರಾಣಿ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದದ್ದು. ಕನ್ನಡದ ವಿಜ್ಞಾನ ಲೇಖಕರು ಗುರಾಣಿಕ ಗ್ರಂಥಿ ಎಂದು ಬರೆದದ್ದೂ ಇದೆ. ಮೈಯ ಬೆಂಕಿ ಎಷ್ಟು ಉರಿಯಬೇಕು, ಮೂಳೆ ಎಷ್ಟು ಬೆಳೆಯಬೇಕು, ಶಿಶುವಿನ ಮಿದುಳು ಹೇಗೆ ಬಲಿಯಬೇಕು ಎಂಬುದನ್ನೆಲ್ಲ ನಿಯಂತ್ರಿಸುವ ರಸ ಇದರಿಂದ ಸ್ರವಿಸುತ್ತದೆ. ಆಹಾರದಲ್ಲಿ ಅಯೋಡಿನ್ ಕಡಮೆಯಾದ ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಈ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತಿತ್ತು. ಕೆಲವು ಮಕ್ಕಳು ಗಿಡ್ಡರಾಗಿ, ಬುದ್ಧಿ ಬೆಳೆಯದೆ ಉಳಿಯುತ್ತಿದ್ದರು. ಅವರನ್ನು ಅಲ್ಲಿಯ ಜನ 'ಕ್ರೆಟಿನ್' ಎಂದರು. ಇದು ಕ್ರೈಸ್ತ ಎಂಬ ಶಬ್ದದ ಪ್ರಾಂತೀಯ ರೂಪವೆಂದು ನಿಘಂಟುಕಾರರ ಅಭಿಪ್ರಾಯ. ಇವರೂ ನಮ್ಮಂತೆಯೇ ದೇವರ ಮಕ್ಕಳು, ಮೃಗಗಳಲ್ಲ ಎಂಬ ಕರುಣೆಯಿಂದ ಹುಟ್ಟಿದ ಆ ಹೆಸರು ಕಾಲಕ್ರಮದಲ್ಲಿ ಬೈಗುಳವಾಯಿತು. ಶಬ್ದಗಳಿಗೂ ಅಧೋಗತಿ ಉಂಟು.

ಡೌನ್ ವರ್ಣಿಸಿದ ಮಕ್ಕಳನ್ನು ಬಹಳ ಕಾಲ ಈ ಕ್ರೆಟಿನ್ ಜನರ ಜೊತೆಗೇ ಸೇರಿಸಲಾಗುತ್ತಿತ್ತು. ಬುದ್ಧಿಮಾಂದ್ಯವುಳ್ಳವರ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಫ್ರಾನ್ಸಿನ ಎಡ್ವರ್ಡ್ ಸೆಗ್ವಿನ್ ಅವರೂ ಇಂತಹ ಮಕ್ಕಳನ್ನು ಕ್ರೆಟಿನ್ ವರ್ಗದ ಒಂದು ಬಗೆಯೆಂದೇ ಬರೆದರು. ಹೋಲಿಕೆ ಇದ್ದದ್ದು ನಿಜ: ಕುಳ್ಳು ಮೈ, ಒಣಗಿದ ಚರ್ಮ, ಹೊರಚಾಚುವ ನಾಲಿಗೆ, ನಿಧಾನದ ನಡೆನುಡಿ. ಇವೆರಡನ್ನೂ ಬೇರ್ಪಡಿಸಿದ್ದು ಕಣ್ಣಿನ ನೋಟವಲ್ಲ, ಒಂದು ಔಷಧ.

ಆ ಔಷಧದ ಕತೆ ಸ್ವಾರಸ್ಯವಾದದ್ದು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ವಯಸ್ಕ ಸ್ತ್ರೀಯರಲ್ಲಿ ಕ್ರೆಟಿನ್ ಲಕ್ಷಣವನ್ನು ಹೋಲುವ ಒಂದು ಜಡತೆ ಕಾಣಿಸಿಕೊಳ್ಳುವುದನ್ನು ವರ್ಣಿಸಿದರು. 1883ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಕರ್, ತಾವು ಗಳಗಂಡವನ್ನು ಪೂರ್ತಿ ಕತ್ತರಿಸಿ ತೆಗೆದ ರೋಗಿಗಳು ಇದೇ ಜಡತೆಗೆ ತುತ್ತಾದುದನ್ನು ಮರೆಮಾಚದೆ ವರದಿಮಾಡಿದರು. 1888ರಲ್ಲಿ ಲಂಡನ್ನಿನ ವೈದ್ಯರ ಒಂದು ಸಮಿತಿ ಈ ಎಲ್ಲಕ್ಕೂ ಮೂಲ ಥೈರಾಯ್ಡಿನ ನಷ್ಟವೇ ಎಂದು ಹೇಳಿತು. 1891ರಲ್ಲಿ ನ್ಯೂಕಾಸಲ್‌ನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ, ಕುರಿಯ ಥೈರಾಯ್ಡಿನ ಸಾರವನ್ನು ಅಂತಹ ಒಬ್ಬ ಸ್ತ್ರೀಗೆ ಚುಚ್ಚಿಕೊಟ್ಟರು. ನಲವತ್ತಾರರ ವಯಸ್ಸಿನಲ್ಲಿ ಜಡವಾಗಿ ಕುಳಿತಿದ್ದ ಆಕೆ ಚೇತರಿಸಿಕೊಂಡು, ಆ ಸಾರವನ್ನು ಸೇವಿಸುತ್ತ 1919ರವರೆಗೆ ಬದುಕಿದಳು. ಅಷ್ಟು ಕಾಲಕ್ಕೆ ಬೇಕಾದ ಸಾರ 870ಕ್ಕೂ ಹೆಚ್ಚು ಕುರಿಗಳಿಂದ ಬಂದದ್ದೆಂದು ಮರ್ರೆ ಲೆಕ್ಕವಿಟ್ಟಿದ್ದರು.

ಕ್ರೆಟಿನ್ ಮಕ್ಕಳಲ್ಲಿ ಈ ಚಿಕಿತ್ಸೆ ಪವಾಡದಂತೆ ಕಂಡಿತು. ಸ್ವಾಭಾವಿಕವಾಗಿಯೇ ವೈದ್ಯರು ಡೌನ್ ವರ್ಣಿಸಿದ ಮಕ್ಕಳಿಗೂ ಅದನ್ನು ಕೊಟ್ಟುನೋಡಿದರು. ನಿರೀಕ್ಷಿಸಿದ ಪವಾಡ ನಡೆಯಲಿಲ್ಲ. ಸಾರಕ್ಕೆ ಓಗೊಟ್ಟವರು ಒಂದು ಕಡೆ, ಓಗೊಡದವರು ಇನ್ನೊಂದು ಕಡೆ ಎಂದು ಎರಡು ಗುಂಪುಗಳು ಸ್ಪಷ್ಟವಾದವು. ಇದು ಜ್ಞಾನದ ದೃಷ್ಟಿಯಿಂದ ಲಾಭವೇ ಸರಿ. ಆದರೆ ಇದರಿಂದ ಒಂದು ನಷ್ಟವೂ ಆಯಿತು. ಈ ಮಕ್ಕಳ ಸ್ಥಿತಿಗೆ ಥೈರಾಯ್ಡ್ ಕಾರಣವಲ್ಲ ಎಂಬುದು ಸಿದ್ಧವಾದ ಕೂಡಲೇ, ಈ ಮಕ್ಕಳಿಗೆ ಥೈರಾಯ್ಡ್ ರೋಗವೂ ಇರಬಹುದೆಂಬ ಯೋಚನೆ ಹಿಂದೆ ಬಿತ್ತು. ಎರಡು ಮಾತುಗಳಿಗೆ ಎಷ್ಟು ಅಂತರವಿದೆಯೆಂಬುದನ್ನು ಗಮನಿಸಬೇಕು. ಮನೆಗೆ ಬೆಂಕಿ ಬಿದ್ದುದಕ್ಕೆ ಸೂರಿನ ಸೋರಿಕೆ ಕಾರಣವಲ್ಲ. ಹಾಗೆಂದ ಮಾತ್ರಕ್ಕೆ ಸೂರು ಸೋರುತ್ತಿಲ್ಲವೆಂದು ಅರ್ಥವಲ್ಲ.

ಇನ್ನು ಹೃದಯದ ವಿಷಯ. 1890ರ ದಶಕದಲ್ಲಿ ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್, ಹುಟ್ಟಿನಿಂದಲೇ ಬಂದ ಹೃದಯದೋಷ ಈ ಮಕ್ಕಳಲ್ಲಿ ಆಗಾಗ ಕಂಡುಬರುವುದನ್ನು ಬರೆದಿಟ್ಟರು. ಮುಂದೆ ಆನುವಂಶಿಕ ಜೀವರಸಾಯನದ ಆದ್ಯರಲ್ಲಿ ಒಬ್ಬರೆಂದು ಪ್ರಸಿದ್ಧರಾದ ಗ್ಯಾರಡ್ ಅವರ ದೃಷ್ಟಿ ಸೂಕ್ಷ್ಮವಾದದ್ದು. ಇಂದು ನಮಗೆ ತಿಳಿದಿರುವಂತೆ, ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಸುಮಾರು ಒಂದಕ್ಕೆ ಹೃದಯದೋಷವಿದ್ದರೆ, ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟಕ್ಕೆ ಇರುತ್ತದೆ. ಆದರೆ ಗ್ಯಾರಡ್ ಕಂಡದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಕ್ಷಣಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯಿತು. ಎದೆಯಲ್ಲಿ ಮರ್ಮರ ಕೇಳಿಸಿದರೆ ಹೆಸರು ಖಚಿತವಾಯಿತೆಂದುಕೊಂಡರು. ಆ ಮರ್ಮರಕ್ಕೆ ಮಾಡಬಹುದಾದದ್ದು ಏನೂ ಇರಲಿಲ್ಲ. ತೆರೆದ ಹೃದಯಕ್ಕೆ ಹೊಲಿಗೆ ಹಾಕುವ ವಿದ್ಯೆ ಆಗ ಯಾರಿಗೂ ತಿಳಿದಿರಲಿಲ್ಲವಷ್ಟೆ.

ಈ ದೋಷದ ಸ್ವರೂಪವನ್ನು ಸ್ಥೂಲವಾಗಿ ಹೇಳುತ್ತೇನೆ. ಹೃದಯಕ್ಕೆ ನಾಲ್ಕು ಕೋಣೆಗಳಿರುವುದು ಎಲ್ಲರಿಗೂ ಗೊತ್ತು. ಗರ್ಭದಲ್ಲಿ ಹೃದಯ ರೂಪುಗೊಳ್ಳುವ ಮೊದಲ ಎಂಟು ವಾರಗಳಲ್ಲಿ, ಎದುರುಬದುರಿನಿಂದ ಎರಡು ಮೆತ್ತೆಗಳು ಬೆಳೆದುಬಂದು ನಟ್ಟನಡುವೆ ಕೂಡಿಕೊಳ್ಳಬೇಕು. ಆ ಕೂಡಿಕೆಯಿಂದಲೇ ಕೋಣೆಗಳ ನಡುಗೋಡೆ ಪೂರ್ತಿಯಾಗುತ್ತದೆ, ಎರಡು ಕವಾಟಗಳು ಬೇರೆಬೇರೆಯಾಗುತ್ತವೆ. ಡೌನ್ ಸಿಂಡ್ರೋಮ್ ಇರುವ ಹಲವು ಶಿಶುಗಳಲ್ಲಿ ಈ ಕೂಡಿಕೆ ಆಗುವುದಿಲ್ಲ. ನಡುವೆ ದೊಡ್ಡ ತೂತು, ಎರಡು ಕವಾಟಗಳ ಬದಲು ಒಂದೇ ಕವಾಟ. ಶುದ್ಧರಕ್ತ ಬಲಭಾಗಕ್ಕೆ ನುಗ್ಗಿ, ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿ ಶ್ವಾಸಕೋಶಕ್ಕೆ ಹರಿಯುತ್ತದೆ. ಮಗು ಹಾಲು ಕುಡಿಯುವಾಗಲೇ ಬೆವರುತ್ತದೆ, ಏದುಸಿರು ಬಿಡುತ್ತದೆ, ಅರ್ಧಕ್ಕೇ ದಣಿದು ಮಲಗುತ್ತದೆ. ಈ ಹೊನಲನ್ನು ತಡೆಯದೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟುತ್ತವೆ. ಕೊನೆಗೊಂದು ದಿನ ಹರಿವಿನ ದಿಕ್ಕೇ ತಿರುಗಿ, ಮಲಿನರಕ್ತ ಮೈಗೆಲ್ಲ ಹರಡಿ, ತುಟಿ ಉಗುರುಗಳು ನೀಲಿಯಾಗುತ್ತವೆ. ಆ ಘಟ್ಟ ಮುಟ್ಟಿದ ಮೇಲೆ ತೂತನ್ನು ಮುಚ್ಚುವುದು ಉಪಕಾರಕ್ಕಿಂತ ಅಪಕಾರವೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ನಾಳಗಳ ಕೆಡುಕು ಇತರರಿಗಿಂತ ಬೇಗ ಬರುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಹೃದಯದ ಎರಡು ಭಾಗಗಳ ಒತ್ತಡ ಹೆಚ್ಚುಕಡಮೆ ಸಮವಾಗಿರುವುದರಿಂದ, ತೂತು ದೊಡ್ಡದಾಗಿದ್ದರೂ ಮರ್ಮರ ಕೇಳಿಸದೆ ಹೋಗಬಹುದು. ನೀರಿನ ಮಟ್ಟ ಎರಡೂ ಕಡೆ ಸಮವಾಗಿರುವ ಕೆರೆಗಳ ನಡುವಿನ ತೂಬು ಸದ್ದುಮಾಡುವುದಿಲ್ಲವಲ್ಲ, ಹಾಗೆ. ವೈದ್ಯರ ನಳಿಗೆಗೆ ಏನೂ ಕೇಳಿಸಲಿಲ್ಲವೆಂದು ಸಮಾಧಾನಪಟ್ಟುಕೊಂಡವರು ಎಷ್ಟು ಮಂದಿಯೋ!

1949ರ ಸುಮಾರಿಗೆ ಇಂಗ್ಲೆಂಡಿನ ಲಯೊನೆಲ್ ಪೆನ್ರೋಸ್ ಈ ಮಕ್ಕಳ ಸರಾಸರಿ ಆಯುಸ್ಸು ಹನ್ನೆರಡು ವರ್ಷವೆಂದು ಲೆಕ್ಕ ಹಾಕಿದರು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಅದು ಒಂಬತ್ತಾಗಿತ್ತು. ಅಲ್ಪಾಯುಸ್ಸು ಇವರ ಸ್ವಭಾವವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಆದರೆ ಈ ಒಪ್ಪಿಗೆಯನ್ನು ಪ್ರಶ್ನಿಸುವಂಥ ಸಾಕ್ಷ್ಯ ಡೌನ್ ಅವರ ಮನೆಯಲ್ಲಿಯೇ ಇತ್ತು. ಡೌನ್ 1868ರಲ್ಲಿ ಲಂಡನ್ನಿನ ಬಳಿ ನಾರ್ಮನ್ಸ್‌ಫೀಲ್ಡ್ ಎಂಬ ಸ್ವಂತ ಸಂಸ್ಥೆಯನ್ನು ತೆರೆದು, ಮಕ್ಕಳಿಗೆ ಕೈಕೆಲಸ, ಸಂಗೀತ, ನಾಟಕಗಳನ್ನು ಕಲಿಸಿದರು, 1896ರಲ್ಲಿ ತೀರಿಕೊಂಡರು. ಒಂಬತ್ತು ವರ್ಷದ ಅನಂತರ, 1905ರಲ್ಲಿ, ಅವರ ಮಗನಿಗೆ ಹುಟ್ಟಿದ ಗಂಡುಮಗುವಿನಲ್ಲಿ ತಾತ ವರ್ಣಿಸಿದ ಲಕ್ಷಣಗಳೇ ಇದ್ದವು. ಆ ಮೊಮ್ಮಗ ಆರೈಕೆಯ ನಡುವೆ ಬೆಳೆದು 1970ರವರೆಗೆ ಬದುಕಿದನು.

ಚರಿತ್ರೆಯ ದಿಕ್ಕು ತಿರುಗಿದ್ದು 1950ರ ದಶಕದಲ್ಲಿ, ಎರಡು ಕಡೆಗಳಿಂದ. 1954ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲೆಹೈ, ತಂದೆಯ ಅಥವಾ ತಾಯಿಯ ದೇಹಕ್ಕೆ ಮಗುವಿನ ರಕ್ತನಾಳಗಳನ್ನು ಜೋಡಿಸಿ, ಹಿರಿಯರ ಹೃದಯ ಶ್ವಾಸಕೋಶಗಳೇ ಮಗುವಿನ ಕೆಲಸವನ್ನೂ ಮಾಡುವಂತೆ ಏರ್ಪಡಿಸಿ, ಮಗುವಿನ ಹೃದಯವನ್ನು ತೆರೆದು ಹೊಲಿದರು. ನಡುಗೋಡೆಯ ಈ ದೊಡ್ಡ ದೋಷವೂ ಅದೇ ವರ್ಷ ಅವರ ಕೈಯಲ್ಲಿ ಮೊದಲ ಬಾರಿಗೆ ದುರಸ್ತಿಯಾಯಿತು.

ಇನ್ನೊಂದು ಕಡೆ ಪ್ಯಾರಿಸ್. ಮಾರ್ತ್ ಗೋತ್ಯೇ ಎಂಬ ತರುಣ ವೈದ್ಯೆ ಮಕ್ಕಳ ಹೃದ್ರೋಗವನ್ನು ಅಭ್ಯಾಸಮಾಡಲು 1955ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ, ಅಲ್ಲಿ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸುವ ವಿದ್ಯೆಯನ್ನೂ ಕಲಿತುಬಂದರು. ಮರಳಿದ ಮೇಲೆ ರೇಮಾಂ ತುರ್ಪ್ಯಾಂ ಅವರ ವಿಭಾಗದಲ್ಲಿ, ಸೌಕರ್ಯವಿಲ್ಲದ ಒಂದು ಕೋಣೆಯಲ್ಲಿ, ಬೆಳೆಸುವ ದ್ರವಕ್ಕೆ ತಮ್ಮ ರಕ್ತವನ್ನೇ ಬಳಸಿಕೊಂಡು ಈ ಮಕ್ಕಳ ಕೋಶಗಳನ್ನು ಬೆಳೆಸಿದರು. ಮನುಷ್ಯನ ಕೋಶದಲ್ಲಿರಬೇಕಾದ ವರ್ಣತಂತುಗಳು 46. ಇಲ್ಲಿ 47 ಇದ್ದವು. ಚಿತ್ರ ತೆಗೆಯಲು ಆ ಗಾಜುಗಳನ್ನು ಒಯ್ದ ಜೆರೋಮ್ ಲೆಜೂನ್ ಅವರ ಹೆಸರು ಜನವರಿ 1959ರ ಪ್ರಬಂಧದಲ್ಲಿ ಮೊದಲು ಬಂತು. ಗೋತ್ಯೇ ಅವರದು ನಡುವೆ ಬಂತು, ಅದೂ ತಪ್ಪು ಅಕ್ಷರಗಳಲ್ಲಿ. 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದೇ ಎಲ್ಲಕ್ಕೂ ಮೂಲವೆಂದು ಜಗತ್ತಿಗೆ ತಿಳಿಯಿತು. ಈ ಶೋಧದಲ್ಲಿ ಗೋತ್ಯೇ ಅವರ ಪಾಲು ನಿರ್ಣಾಯಕವೆಂದು ಫ್ರಾನ್ಸಿನ ಆರೋಗ್ಯ ಸಂಶೋಧನಾ ಸಂಸ್ಥೆಯ ನೀತಿಸಮಿತಿ ಹೇಳಿದ್ದು 2014ರಲ್ಲಿ. ಅವರು 2022ರಲ್ಲಿ ತೀರಿಕೊಂಡರು.

ಕಾರಣ ತಿಳಿದ ಮೇಲೆ ಹಳೆಯ ಹೆಸರಿಗೆ ಆಧಾರ ಉಳಿಯಲಿಲ್ಲ. 1961ರಲ್ಲಿ ಹತ್ತೊಂಬತ್ತು ಮಂದಿ ವಿಜ್ಞಾನಿಗಳು ಆ ಹೆಸರನ್ನು ಬಿಡಬೇಕೆಂದು 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. ಸಹಿ ಹಾಕಿದವರಲ್ಲಿ ಡೌನ್ ಅವರ ಮನೆತನದವರೊಬ್ಬರೂ ಇದ್ದರು. 1965ರಲ್ಲಿ ಮಂಗೋಲಿಯ ದೇಶದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಆ ಶಬ್ದವನ್ನು ಕೈಬಿಟ್ಟಿತು.

ಹೆಸರು ಬದಲಾಯಿತು, ವಿದ್ಯೆಯೂ ಬಂತು. ಇಷ್ಟಾದ ಮೇಲೂ ತೆರೆ ಸರಿಯಲಿಲ್ಲ. ಶಸ್ತ್ರಚಿಕಿತ್ಸೆ ಆರಂಭದಲ್ಲಿ ಅಪಾಯಕರವಾಗಿತ್ತು. ಬುದ್ಧಿ ಬೆಳೆಯದ ಮಗುವಿಗೆ ಇಷ್ಟು ಸಾಹಸ ಏಕೆಂದು ಕೇಳುವವರು ವೈದ್ಯರಲ್ಲಿಯೂ ಇದ್ದರು, ಮನೆಯವರಲ್ಲಿಯೂ ಇದ್ದರು. 1985ರಷ್ಟು ಈಚೆಗೆ ಲಂಡನ್ನಿನ ಮೂವರು ವೈದ್ಯರು ಇದೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಡೌನ್ ಸಿಂಡ್ರೋಮ್ ಇರುವ ಮಗುವಿನ ಈ ಹೃದಯದೋಷಕ್ಕೆ ಶಸ್ತ್ರಕ್ಕಿಂತ ಔಷಧೋಪಚಾರವೇ ಯುಕ್ತವಲ್ಲವೇ ಎಂದು ಚರ್ಚಿಸಿದರು. ಅವರು ನಿಷ್ಕರುಣಿಗಳೆಂದು ನಾನು ಹೇಳಲಾರೆ. ಶಸ್ತ್ರದಿಂದ ಸಾಯುವವರೆಷ್ಟು, ಶಸ್ತ್ರವಿಲ್ಲದೆ ಬಾಳುವವರೆಷ್ಟು ಎಂಬ ಲೆಕ್ಕ ಅವರದು. ಆದರೆ ಆ ಪ್ರಶ್ನೆ ಬೇರೆ ಮಕ್ಕಳ ವಿಷಯದಲ್ಲಿ ಏಳಲಿಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ. 2001ರಲ್ಲಿ ಲಂಡನ್ನಿನ ಒಂದು ಪ್ರಸಿದ್ಧ ಆಸ್ಪತ್ರೆಯ ಬಗೆಗೆ ನಡೆದ ಸ್ವತಂತ್ರ ವಿಚಾರಣೆ, ಹೃದಯದ ಚಿಕಿತ್ಸೆಯಲ್ಲಿ ಈ ಮಕ್ಕಳನ್ನು ಇತರರಿಗಿಂತ ಕಡಮೆಯಾಗಿ ಕಂಡದ್ದುಂಟೆಂದು ಹೇಳಿತು. ಅಷ್ಟರಲ್ಲಿ ಲೆಕ್ಕಗಳೇ ಬದಲಾಗಿದ್ದವು. ಮೊದಲ ಆರು ತಿಂಗಳೊಳಗೆ ದುರಸ್ತಿಮಾಡಿದರೆ ಈ ಮಕ್ಕಳು ಇತರರಷ್ಟೇ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಈ ನಡುಗೋಡೆಯ ದೋಷದಲ್ಲಂತೂ ಮತ್ತೊಮ್ಮೆ ಶಸ್ತ್ರಕ್ಕೆ ಒಳಗಾಗಬೇಕಾದ ಸಂದರ್ಭ ಇವರಿಗೆ ಇತರರಿಗಿಂತ ಕಡಮೆಯೇ.

ಥೈರಾಯ್ಡಿನ ಕತೆಯೂ ಇದೇ ಕಾಲದಲ್ಲಿ ಮರಳಿ ತೆರೆಯಿತು. 1970ರ ದಶಕದಲ್ಲಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಜ್ಯಾಂ ದ್ಯೂಸೊ, ಶಿಶುವಿನ ಹಿಮ್ಮಡಿಯಿಂದ ಹೀರುಕಾಗದಕ್ಕೆ ತೆಗೆದ ಒಂದು ತೊಟ್ಟು ರಕ್ತದಲ್ಲಿಯೇ ಥೈರಾಯ್ಡಿನ ಕೊರತೆಯನ್ನು ಗುರುತಿಸುವ ಕ್ರಮವನ್ನು ಬಳಕೆಗೆ ತಂದರು. ಆಗ ತಿಳಿದದ್ದು ಇದು: ಹುಟ್ಟಿನಿಂದ ಬರುವ ಈ ಕೊರತೆ ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅಷ್ಟೇ ಅಲ್ಲ, ಹುಟ್ಟುವಾಗ ಸರಿಯಾಗಿದ್ದ ಗ್ರಂಥಿಯನ್ನು ದೇಹದ ರಕ್ಷಣಾಶಕ್ತಿಯೇ ಶತ್ರುವೆಂದು ಭ್ರಮಿಸಿ ಕೆಡಿಸುವುದು ಬಾಲ್ಯದಲ್ಲಿ, ಹರೆಯದಲ್ಲಿ, ಅದರಾಚೆಗೂ ನಡೆಯುತ್ತದೆ. ಒಮ್ಮೆ ಪರೀಕ್ಷಿಸಿ ನಿಶ್ಚಿಂತರಾಗುವಂತಿಲ್ಲ. ಮಗು ಮಂಕಾಗಿದೆ, ಮಲಬದ್ಧತೆ ಇದೆ, ಮೈ ಒಣಗಿದೆ, ಎತ್ತರ ಏರುತ್ತಿಲ್ಲ, ತೂಕ ಏರುತ್ತಿದೆ. ಇವೆಲ್ಲ ಡೌನ್ ಸಿಂಡ್ರೋಮಿನ ಲಕ್ಷಣಗಳೆಂದೂ ತೋರುತ್ತವೆ, ಥೈರಾಯ್ಡ್ ಸೋತದ್ದರ ಲಕ್ಷಣಗಳೂ ಹೌದು. ಎರಡನೆಯದಕ್ಕೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು. ಹೆಸರು ರೋಗವನ್ನು ಮರೆಮಾಡುತ್ತದೆಯೆಂದು ನಾನು ಆಗ ಹೇಳಿದ್ದು ಇದನ್ನೇ.

ಹಾಗಾದರೆ ಎಲ್ಲರಿಗೂ ಮಾತ್ರೆ ಕೊಟ್ಟುಬಿಟ್ಟರಾಗದೆ ಎಂಬ ಯೋಚನೆ ಮತ್ತೆ ಬಂತು. ನೆದರ್ಲೆಂಡ್ಸ್‌ನಲ್ಲಿ 196 ನವಜಾತ ಶಿಶುಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಎರಡು ವರ್ಷ ಥೈರಾಯ್ಡಿನ ಔಷಧವನ್ನೂ ಇನ್ನೊಂದಕ್ಕೆ ಬರಿಯ ಹುಸಿಮಾತ್ರೆಯನ್ನೂ ಕೊಟ್ಟರು. 2005ರ ವರದಿಯಲ್ಲಿ ಸ್ವಲ್ಪ ಲಾಭ ಕಂಡಿತು. ಹತ್ತು ವರ್ಷ ದಾಟಿದ ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಬುದ್ಧಿಯಲ್ಲಾಗಲಿ ಚಲನೆಯಲ್ಲಾಗಲಿ ವ್ಯತ್ಯಾಸ ಉಳಿದಿರಲಿಲ್ಲ. 1890ರ ದಶಕದವರು ಒರಟಾಗಿ ಕಂಡುಕೊಂಡದ್ದನ್ನು ಇವರು ಶಾಸ್ತ್ರೀಯವಾಗಿ ಕಂಡರು. ಹೆಸರನ್ನು ನೋಡಿ ಔಷಧ ಕೊಡುವುದೂ ಸಲ್ಲದು, ಹೆಸರನ್ನು ನೋಡಿ ಔಷಧ ನಿಲ್ಲಿಸುವುದೂ ಸಲ್ಲದು. ಎದುರಿಗಿರುವ ಆ ಒಂದು ಮಗುವನ್ನು ನೋಡಬೇಕು.

ಇಂದು ಒಪ್ಪಿತವಾಗಿರುವ ಪದ್ಧತಿ ಸರಳವಾದದ್ದು. ಡೌನ್ ಸಿಂಡ್ರೋಮ್ ಇರುವ ಪ್ರತಿಯೊಂದು ಶಿಶುವಿಗೂ, ಮರ್ಮರ ಕೇಳಿಸಲಿ ಬಿಡಲಿ, ಶಬ್ದತರಂಗದಿಂದ ಹೃದಯವನ್ನು ಚಿತ್ರಿಸುವ ಎಕೋ ಪರೀಕ್ಷೆ ಆಗಬೇಕು. ಥೈರಾಯ್ಡಿನ ರಕ್ತಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷ ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ ಆಗಬೇಕು. ಅನುಕೂಲವುಳ್ಳ ದೇಶಗಳಲ್ಲಿ ಇವರ ಸರಾಸರಿ ಆಯುಸ್ಸು ಅರವತ್ತರ ಸಮೀಪಕ್ಕೆ ಬಂದಿದೆ. ವರ್ಣತಂತು ಆಗಲೂ ಮೂರು, ಈಗಲೂ ಮೂರು. ಮಕ್ಕಳ ಪ್ರಕೃತಿ ಬದಲಾಗಿಲ್ಲ. ಅದರ ಜೊತೆಗಿದ್ದ ರೋಗಗಳಿಗೆ ಚಿಕಿತ್ಸೆ ಆಯಿತು.

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದ ಬರುವ ಹೃದಯದೋಷವೂ ಇದೆ. ಆದರೆ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಯಿಂದ ಆ ಒಂದು ತೊಟ್ಟು ರಕ್ತ ಪರೀಕ್ಷೆಗೆ ಹೋಗುತ್ತದೆಯೆಂದು ಹೇಳುವಂತಿಲ್ಲ. ನಮ್ಮ ಮನೆಗಳ ಮಾತಿನ ರೀತಿಯನ್ನೂ ನೆನೆಯಬೇಕು. ಸದಾ ನಿದ್ರಿಸುವ, ಅಳದ ಕೂಸನ್ನು ತಂಟೆಯಿಲ್ಲದ ಮಗುವೆಂದು ಹೊಗಳುತ್ತೇವೆ. ಮೊಲೆಯುಣ್ಣುತ್ತ ದಣಿಯುವ ಕೂಸನ್ನು ಸೋಮಾರಿ ಎಂದು ಮುದ್ದಿನಿಂದ ಗದರುತ್ತೇವೆ. ಬುದ್ಧಿಗೂ ಜಠರಾಗ್ನಿಗೂ ನಡಿಗೆಗೂ ದೀಪಕ್ಕೂ 'ಮಂದ' ಎಂಬ ಒಂದೇ ಶಬ್ದ ನಮಗೆ ಸಾಕಾಗಿದೆ. ಆ ಮಂದತೆಯಲ್ಲಿ ಮಗುವಿನದು ಎಷ್ಟು, ಗ್ರಂಥಿಯದು ಎಷ್ಟು, ಹೃದಯದ್ದು ಎಷ್ಟು ಎಂದು ಬಿಡಿಸಿ ಕೇಳುವವರು ಬೇಕು.

ಬೇಸಗೆಯಲ್ಲಿ ಅರಳಿ ಚಳಿಗಾಲದಲ್ಲಿ ಬಾಡುತ್ತಿದ್ದ ಅರ್ಲ್ಸ್‌ವುಡ್ಡಿನ ಮಕ್ಕಳನ್ನು ಕಂಡ ಡೌನ್, ಅದನ್ನು ಬರೆದಿಡುವಷ್ಟು ಗಮನವುಳ್ಳವರಾಗಿದ್ದರು. ಅದಕ್ಕಿಂತ ಹೆಚ್ಚಿನದನ್ನು ಮಾಡಲು ಅವರ ಕಾಲದಲ್ಲಿ ದಾರಿಯಿರಲಿಲ್ಲ. ನಮ್ಮ ಕಾಲಕ್ಕೆ ಆ ನೆಪವಿಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮ ಬಂಧುಗಳಲ್ಲಿ ಇಂತಹ ಮಗುವೊಂದು ಇದ್ದರೆ, ಅದರ ಮನೆಯವರನ್ನು ಕೇಳಿ: ಎದೆಯ ಎಕೋ ಆಯಿತೇ, ಈ ವರ್ಷದ ಥೈರಾಯ್ಡ್ ಪರೀಕ್ಷೆ ಆಯಿತೇ? ಕೇಳುವುದಕ್ಕೆ ವೈದ್ಯರೇ ಆಗಬೇಕಾದುದಿಲ್ಲ.